ನಾಲ್ಕು ಮೊಳೆಯ ಹೆಣಿಗೆ: ಮಗುವಿನ ಕೈಗಿಂತ ಮೊದಲು ದಾರ ನೋಡಿ

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮ ದಾರ ಮುಗಿದ ಮರದ ರೀಲಿಗೆ ನಾಲ್ಕು ಸಣ್ಣ ಮೊಳೆ ಹೊಡೆದು ಕೊಟ್ಟಿದ್ದರು. ಮೊಳೆಗೆ ಉಲ್ಲನ್ ಸುತ್ತಿ, ಪಿನ್ನಿನಿಂದ ಎತ್ತಿ ಹಾಕುತ್ತಾ ಹೋದರೆ ಕೆಳಗಿನ ತೂತಿನಿಂದ ಬಾಲದ ಹಾಗೆ ಹುರಿ ಇಳಿಯುತ್ತಿತ್ತು. ಈ ರಜೆಯಲ್ಲಿ ಎಂಟು ವರ್ಷದ ಮಗಳಿಗೆ ಅದನ್ನು ಕಲಿಸಲು ಹೊರಟೆ. ಮರದ ರೀಲು ಎಲ್ಲೂ ಸಿಗಲಿಲ್ಲ. ಮರದ ತುಂಡೊಂದಕ್ಕೆ ತೂತು ಮಾಡಿಸಿ, ಮೊಳೆ ಹೊಡೆದು, ಮನೆಯಲ್ಲಿದ್ದ ಹತ್ತಿ ದಾರ ಕೊಟ್ಟೆ. ನಾಲ್ಕೈದು ಸುತ್ತಿಗೇ ಕುಣಿಕೆಗಳು ಬಿಗಿಯಾಗಿ, ಎತ್ತಲು ಬಾರದೆ ಅಳುತ್ತಾ ಬಿಟ್ಟುಬಿಟ್ಟಳು. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ? ಮತ್ತೆ ಶುರು ಮಾಡಿಸಬಹುದಾ? ಹುರಿ ಆದಮೇಲೆ ಅದರಿಂದ ಏನಾದರೂ ಮಾಡಲು ಬರುತ್ತದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳಿಗೆ ತಾಳ್ಮೆ ಬೇಕಾದಷ್ಟಿದೆ. ಮೇಲೆ ಬರಲೊಲ್ಲದ ಕುಣಿಕೆಯ ಜೊತೆ ನಾಲ್ಕೈದು ಸುತ್ತು ಗುದ್ದಾಡಿದ್ದಾಳಲ್ಲ, ದೊಡ್ಡವರಾಗಿದ್ದರೆ ಎರಡನೇ ಸುತ್ತಿಗೇ ಎದ್ದು ಹೋಗುತ್ತಿದ್ದರು. ನಾನು ಶಾಲೆಯಲ್ಲಿ ಕೈಕೆಲಸ ಕಲಿಸುತ್ತಾ ಬಂದವಳು. ಈ ಹೆಣಿಗೆಯಲ್ಲಿ ಮಗು ಸೋತು ಕೂತಾಗ ಮೊದಲು ದಾರ ನೋಡುತ್ತೇನೆ, ಆಮೇಲೆ ಮೊಳೆ ನೋಡುತ್ತೇನೆ. ಮಗುವಿನ ಕೈ ನೋಡುವ ಸರದಿ ಬರುವ ಮೊದಲೇ ಸಾಮಾನ್ಯವಾಗಿ ತೊಂದರೆ ಸಿಕ್ಕಿರುತ್ತದೆ. ನಿಮ್ಮ ಪತ್ರದಲ್ಲೇ ಅರ್ಧ ಕಾರಣ ಇದೆ. ನೀವು ಕೊಟ್ಟದ್ದು ಹತ್ತಿ ದಾರ.

ಹತ್ತಿ ದಾರ ಹಿಗ್ಗುವುದಿಲ್ಲ. ಈ ಹೆಣಿಗೆಯಲ್ಲಿ ನಡೆಯುವುದು ಒಂದೇ ಕೆಲಸ. ಮೊಳೆಯ ಮೇಲಿರುವ ಕುಣಿಕೆಯನ್ನು ಚೂರು ಹಿಗ್ಗಿಸಿ, ಹೊಸ ಎಳೆಯ ಮೇಲಿಂದ ದಾಟಿಸಿ, ಮೊಳೆಯ ತಲೆ ದಾಟಿಸಿ, ಒಳಗೆ ಬೀಳಿಸುವುದು. ಉಲ್ಲನ್ ಆದರೆ ಎತ್ತಿದಾಗ ಹಿಗ್ಗುತ್ತದೆ, ಬಿಟ್ಟಾಗ ಮತ್ತೆ ಮೊದಲಿನಂತಾಗುತ್ತದೆ. ಹತ್ತಿ ಆ ಉಪಕಾರ ಮಾಡುವುದಿಲ್ಲ. ಒಂದು ಸುತ್ತಿನಲ್ಲಿ ಸ್ವಲ್ಪ ಬಿಗಿಯಾದರೆ ಮುಂದಿನ ಸುತ್ತು ಇನ್ನೂ ಬಿಗಿ, ಅದರ ಮುಂದಿನದು ಕಲ್ಲು. ಹೆಣಿಗೆಯಲ್ಲಿ ಪಳಗಿದ ಕೈ ಹತ್ತಿ ದಾರವನ್ನು ಸಡಿಲವಾಗಿ ಬಿಡಬಲ್ಲದು. ಎಂಟು ವರ್ಷದ ಕೈ, ಮೊದಲ ದಿನವೇ, ಬಿಡುವುದು ಕಷ್ಟ.

ಹಾಗಾಗಿ ಮೊದಲು ಉಲ್ಲನ್ ತನ್ನಿ. ಪೂರ್ತಿ ಕುರಿಯ ಉಣ್ಣೆಯೇ ಆಗಬೇಕು ಅಂತೇನಿಲ್ಲ. ನಮ್ಮ ಅಂಗಡಿಗಳಲ್ಲಿ ಸ್ವೆಟರ್‌ಗೆ ಮಾರುವ ಅಕ್ರಿಲಿಕ್ ಉಲ್ಲನ್ ಚೆನ್ನಾಗಿ ಕೆಲಸ ಮಾಡುತ್ತದೆ. ಫೋರ್ ಪ್ಲೈ ದಪ್ಪ, ಅಥವಾ ಅದಕ್ಕಿಂತ ಒಂದು ಹದ ದಪ್ಪಗಿರುವ ಡಬಲ್ ನಿಟ್ ಕೇಳಿ. ದಾರ ನುಣುಪಾಗಿರಲಿ. ಮೈಮೇಲೆ ರೋಮ ಎದ್ದ ತುಪ್ಪಳದಂಥ ಉಲ್ಲನ್ ನೋಡಲು ಚೆಂದ, ಆದರೆ ಕುಣಿಕೆ ಎಲ್ಲಿದೆ ಅಂತಲೇ ಕಾಣಿಸುವುದಿಲ್ಲ. ಕಪ್ಪು, ಕಡುನೀಲಿ ಕೂಡ ಈಗ ಬೇಡ. ಹಳದಿ, ತಿಳಿ ಹಸಿರು, ಕಿತ್ತಳೆ ಇಂಥವು ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಒಂದೇ ಉಂಡೆಯಲ್ಲಿ ಬಣ್ಣ ಬದಲಾಗುತ್ತಾ ಹೋಗುವ ಉಲ್ಲನ್. ಕೆಂಪು ಮುಗಿಯುತ್ತಾ ಬಂತು, ಮುಂದೆ ಯಾವ ಬಣ್ಣ ಬರುತ್ತದೋ ಅನ್ನುವ ಕುತೂಹಲಕ್ಕೇ ಮಕ್ಕಳು ಇನ್ನಷ್ಟು ಸುತ್ತು ಹಾಕುತ್ತಾರೆ. ತರಗತಿಯಲ್ಲಿ ಇದಕ್ಕಿಂತ ದೊಡ್ಡ ಪ್ರೋತ್ಸಾಹ ನಾನು ಕಂಡಿಲ್ಲ.

ಇನ್ನು ಮೊಳೆ. ನೀವು ಮಾಡಿಸಿದ ಮರದ ತುಂಡನ್ನು ಎಸೆಯಬೇಡಿ, ಅದನ್ನೇ ಸರಿ ಮಾಡೋಣ. ತೂತು ಅರ್ಧ ಇಂಚಿನ ಹತ್ತಿರ ಇದ್ದರೆ ಸಾಕು. ಹಳೆಯ ರೀಲುಗಳಲ್ಲಿ ಅದಕ್ಕಿಂತ ಚಿಕ್ಕದೇ ಇರುತ್ತಿತ್ತು, ಅದಕ್ಕೇ ದಪ್ಪ ಉಲ್ಲನ್ ಹಾಕಿದರೆ ಹುರಿ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ತೂತಿನ ಒಳಗೋಡೆ ಒರಟಾಗಿದ್ದರೆ ಉಪ್ಪುಕಾಗದವನ್ನು ಕೊಳವೆಯಂತೆ ಸುರುಳಿ ಸುತ್ತಿ, ಒಳಗೆ ತೂರಿಸಿ ತಿಕ್ಕಿ. ಮೊಳೆಗಳು ತೂತಿನ ಅಂಚಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಆಚೆ, ಕೂಡಿಸುವ ಚಿಹ್ನೆಯ ನಾಲ್ಕು ತುದಿಗಳಲ್ಲಿ ಇರಲಿ. ಮರದ ಮೇಲೆ ಕಾಣುವ ಎತ್ತರ 1 ಸೆಂಟಿಮೀಟರ್ ಸಾಕು. ಅದಕ್ಕಿಂತ ಗಿಡ್ಡ ಇದ್ದರೆ ಕುಣಿಕೆ ತಾನಾಗೇ ಜಾರಿ ಹೋಗುತ್ತದೆ. ಜಾಸ್ತಿ ಉದ್ದ ಇದ್ದರೆ ಪ್ರತಿ ಕುಣಿಕೆಯನ್ನೂ ಸುಮ್ನೆ ಅಷ್ಟು ದೂರ ಎತ್ತಬೇಕು.

ಸಾಮಾನ್ಯ ಮೊಳೆಗೆ ಅಗಲವಾದ ಚಪ್ಪಟೆ ತಲೆ ಇರುತ್ತದೆ. ಕುಣಿಕೆ ಆ ಅಂಚಿಗೇ ಬಂದು ನಿಲ್ಲುತ್ತದೆ, ಮಗು ಜೋರಾಗಿ ಎಳೆಯುತ್ತದೆ, ಎಳೆ ಸೀಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಯಾನೆಲ್ ಪಿನ್ ಅಂತ ಕೇಳಿ. ಅದರ ತಲೆ ಮೊಳೆಯ ಮೈಗಿಂತ ತುಸುವೇ ದೊಡ್ಡದಿರುತ್ತದೆ. ಒಂದಿಂಚಿನದು ಸಾಕು. ಹೊಡೆಯುವ ಮೊದಲು ಬಡಗಿ ಹತ್ತಿರ ಸಣ್ಣ ಡ್ರಿಲ್‌ನಿಂದ ಗುರುತಿನ ತೂತು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಅಷ್ಟು ಚಿಕ್ಕ ತುಂಡು ಸೀಳಿಹೋಗಬಹುದು. ನಾಲ್ಕೂ ನಿಂತ ಮೇಲೆ ತಲೆಗಳನ್ನು ಉಪ್ಪುಕಾಗದದಿಂದ ತಿಕ್ಕಿ. ಆಮೇಲೆ ಒಂದು ಎಳೆ ಉಲ್ಲನ್ ತೆಗೆದುಕೊಂಡು ಪ್ರತಿ ತಲೆಯ ಮೇಲೂ ಮೆಲ್ಲಗೆ ಎಳೆದು ನೋಡಿ. ಒಂದೇ ಒಂದು ನಾರು ಸಿಕ್ಕಿಕೊಂಡರೂ ಇನ್ನೂ ತಿಕ್ಕಬೇಕು ಅಂತ ಅರ್ಥ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಸುತ್ತೊಂದಕ್ಕೆ ನಾಲ್ಕು ಸಲ ಆ ತಲೆಗಳ ಮೇಲಿಂದ ಕುಣಿಕೆ ಹೋಗಬೇಕು.

ಎತ್ತಲು ಪಿನ್ನು ಬೇಡ. ನಮ್ಮ ಕಾಲದಲ್ಲಿ ಹೇರ್‌ಪಿನ್ನಿಂದ ಮಾಡುತ್ತಿದ್ದೆವು, ನಿಜ. ಆದರೆ ಚೂಪು ತುದಿ ಎಳೆಯನ್ನು ಸೀಳುತ್ತದೆ, ಬೆರಳಿಗೂ ಚುಚ್ಚುತ್ತದೆ. ಗೋಣಿಚೀಲ ಹೊಲಿಯುವ ದಬ್ಬಳದ ತುದಿಯನ್ನು ಉಜ್ಜಿ ಮೊಂಡು ಮಾಡಿ ಕೊಡಿ. ಅಥವಾ ತುದಿಯಲ್ಲಿ ಕೊಕ್ಕೆ ಇರುವ 2 ಮಿಲಿಮೀಟರ್‌ನ ಕ್ರೋಶಾ ಕಡ್ಡಿ ಕೊಡಿ. ಅದರ ಹಿಡಿಗೆ ಒಂದಿಷ್ಟು ಟೇಪು ಸುತ್ತಿದರೆ ಚಿಕ್ಕ ಬೆರಳಿಗೆ ಹಿಡಿತ ಸಿಗುತ್ತದೆ.

ಈಗ ಹೆಣಿಗೆಗೆ ಬರೋಣ. ಉಲ್ಲನ್ನಿನ ತುದಿಯನ್ನು ಮೇಲಿನಿಂದ ತೂತಿಗೆ ಬಿಟ್ಟು ಕೆಳಗೆ ಒಂದು ಗೇಣು ನೇತಾಡುವ ಹಾಗೆ ಮಾಡಿ. ಮಗಳು ಎಡಗೈಯಲ್ಲಿ ರೀಲು ಹಿಡಿದು, ಹೆಬ್ಬೆರಳಿನಿಂದ ಆ ಎಳೆಯನ್ನು ಒತ್ತಿಕೊಳ್ಳಲಿ. ಮೊದಲ ಸುತ್ತಿನಲ್ಲಿ ಪ್ರತಿ ಮೊಳೆಗೂ ದಾರವನ್ನು ಒಂದೊಂದು ಸಲ ಪೂರ್ತಿ ಸುತ್ತಬೇಕು. ಒಳಗಿನಿಂದ ಹೊರಗೆ ಬಂದು, ಮೊಳೆಯನ್ನು ಬಳಸಿ, ಮತ್ತೆ ಒಳಗೆ ಹೋಗಿ, ಪಕ್ಕದ ಮೊಳೆಗೆ. ನಾಲ್ಕೂ ಆದಮೇಲೆ ತೂತಿನ ಮೇಲೆ ದಾರ ಹಾದುಹೋಗಿರುತ್ತದೆ, ಪ್ರತಿ ಮೊಳೆಯ ಬುಡದಲ್ಲಿ ಒಂದು ಕುಣಿಕೆ ಇರುತ್ತದೆ.

ಎರಡನೇ ಸುತ್ತಿನಿಂದ ಸುತ್ತುವ ಕೆಲಸ ಇಲ್ಲ. ದಾರವನ್ನು ಮೊದಲ ಮೊಳೆಯ ಹೊರಬದಿಗೆ, ಹಳೆಯ ಕುಣಿಕೆಯ ಮೇಲೆ, ಅಡ್ಡ ಇಟ್ಟರೆ ಸಾಕು. ಕೆಳಗಿನ ಕುಣಿಕೆಯನ್ನು ಕಡ್ಡಿಯಿಂದ ಎತ್ತಿ, ಆ ಅಡ್ಡ ಎಳೆಯ ಮೇಲಿಂದ, ಮೊಳೆಯ ತಲೆ ದಾಟಿಸಿ, ತೂತಿನ ಕಡೆ ಬೀಳಿಸಬೇಕು. ಅಡ್ಡ ಇಟ್ಟ ಎಳೆಯೇ ಈಗ ಹೊಸ ಕುಣಿಕೆ. ರೀಲನ್ನು ಕಾಲು ಸುತ್ತು ತಿರುಗಿಸಿ ಮುಂದಿನ ಮೊಳೆಗೆ ಹೋಗಿ. ಎರಡು ಮೂರು ಸುತ್ತಿಗೊಮ್ಮೆ ಕೆಳಗಿನ ಎಳೆಯನ್ನು ಮೆಲ್ಲಗೆ ಜಗ್ಗಿ.

ಕೆಲವರು ಪ್ರತಿ ಸುತ್ತಿನಲ್ಲೂ ಮೊಳೆಗೆ ಪೂರ್ತಿ ಸುತ್ತುತ್ತಾರೆ. ಅದು ತಪ್ಪೇನಲ್ಲ, ಸಡಿಲವಾಗಿಯೂ ಬರುತ್ತದೆ. ಆದರೆ ಆಗ ಪ್ರತಿ ಕುಣಿಕೆಯ ಬುಡದಲ್ಲೂ ಒಂದು ತಿರುಚು ಉಳಿಯುತ್ತದೆ, ಉದ್ದ ಆಗುತ್ತಾ ಹುರಿಯೇ ತಿರುಚಿಕೊಳ್ಳತೊಡಗುತ್ತದೆ. ಅಡ್ಡ ಇಟ್ಟು ಮಾಡಿದ ಹುರಿ ನೇರವಾಗಿ, ನುಣುಪಾಗಿ ಇಳಿಯುತ್ತದೆ. ಮಗಳಿಗೆ ಅಡ್ಡ ಇಡುವುದು ಬಿಗಿ ಅನಿಸಿದರೆ ಮೊದಲ ಒಂದು ಗೇಣು ಸುತ್ತಿಯೇ ಮಾಡಲಿ. ಆಮೇಲೆ ಬದಲಾಯಿಸಿ. ಒಂದೇ ಹುರಿಯಲ್ಲಿ ಎರಡೂ ಹೆಣಿಗೆ ಪಕ್ಕಪಕ್ಕ ಕಂಡಾಗ ವ್ಯತ್ಯಾಸ ಅವಳೇ ಹೇಳುತ್ತಾಳೆ.

ಬಿಗಿಯಾಗುವುದಕ್ಕೆ ಇನ್ನೊಂದು ಕಾರಣ ಇದೆ, ಇದು ಕೈಯ ಅಭ್ಯಾಸ. ಕುಣಿಕೆ ಬಿದ್ದ ತಕ್ಷಣ ಮಕ್ಕಳು ಉಂಡೆಯ ಕಡೆಯ ದಾರವನ್ನು ಒಮ್ಮೆ ಗಟ್ಟಿಯಾಗಿ ಎಳೆಯುತ್ತಾರೆ. ಗಂಟು ಹಾಕಿದ ಮೇಲೆ ಎಳೆಯುವುದು ರೂಢಿ ಅಲ್ವಾ, ಅದೇ ಇಲ್ಲಿಗೂ ಬರುತ್ತದೆ. ‘ಎಳೀಬೇಡ’ ಅಂತ ಎಷ್ಟು ಹೇಳಿದರೂ ಪ್ರಯೋಜನ ಇಲ್ಲ. ಉಂಡೆಯನ್ನು ಒಂದು ಪಾತ್ರೆಯಲ್ಲಿ ಹಾಕಿ ನೆಲದ ಮೇಲಿಡಿ, ಎರಡು ಮೊಳದಷ್ಟು ದಾರ ಮೊದಲೇ ಬಿಚ್ಚಿ ಮಡಿಲಲ್ಲಿ ಸಡಿಲವಾಗಿ ಬಿಡಿ. ಎಳೆಯಲು ಬಿಗಿಯೇ ಸಿಗದಿದ್ದಾಗ ಅಭ್ಯಾಸ ತಾನಾಗೇ ತಪ್ಪುತ್ತದೆ. ಎಳೆಯುವುದೇನಿದ್ದರೂ ಕೆಳಗಿನ ಬಾಲವನ್ನು.

ಮೊದಲ ಹತ್ತಿಪ್ಪತ್ತು ಸುತ್ತು ಏನೂ ಕಾಣಿಸುವುದಿಲ್ಲ. ಹೆಣಿಗೆ ಎಲ್ಲಾ ತೂತಿನ ಒಳಗೇ ಇರುತ್ತದೆ. ಈ ಹೊತ್ತಿನಲ್ಲಿ ತುಂಬಾ ಮಕ್ಕಳು ಕೈ ಬಿಡುತ್ತಾರೆ. ಉಪಾಯ ಸರಳ. ಮರದ ತುಂಡನ್ನು ಗಿಡ್ಡ ಮಾಡಿಸಿ. ನಿಮ್ಮದು ಮೂರು ಇಂಚು ಇದ್ದರೆ ಒಂದೂವರೆ ಇಂಚಿಗೆ ಕೊಯ್ಯಿಸಿ. ಬೇಗ ಹೊರಗೆ ಇಣುಕುತ್ತದೆ. ಆ ಇಣುಕು ನೋಡಿದ ಮೇಲೆ ನೀವು ಹೇಳುವುದು ಏನೂ ಉಳಿಯುವುದಿಲ್ಲ, ಊಟಕ್ಕೆ ಕರೆಯುವುದೊಂದನ್ನು ಬಿಟ್ಟರೆ.

ಊಟಕ್ಕೆ ಎದ್ದಾಗ ಕುಣಿಕೆ ಜಾರದಂತೆ ನಾಲ್ಕೂ ಮೊಳೆಗೆ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿಡಿ. ಒಂದು ಕುಣಿಕೆ ತಪ್ಪಿ ಬಿದ್ದರೆ ಗಾಬರಿ ಬೇಡ. ಅದರ ಕೆಳಗೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣಿಸುತ್ತವೆ. ಕ್ರೋಶಾ ಕಡ್ಡಿಯನ್ನು ಬಿದ್ದ ಕುಣಿಕೆಗೆ ಹಾಕಿ, ಒಂದೊಂದೇ ಅಡ್ಡ ಎಳೆಯನ್ನು ಅದರೊಳಗಿಂದ ಎಳೆದುಕೊಳ್ಳುತ್ತಾ ಮೇಲೆ ಬಂದು ಮೊಳೆಗೆ ಸಿಕ್ಕಿಸಿ. ಮೊದಲೆರಡು ಸಲ ನೀವು ಮಾಡಿಕೊಡಿ, ಮೂರನೆಯದು ಅವಳಿಗೇ ಬಿಡಿ. ಮುಗಿಸುವಾಗ ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ನಾಲ್ಕೂ ಕುಣಿಕೆಗಳ ಒಳಗಿಂದ ಸಾಲಾಗಿ ಹಾಯಿಸಿ, ಆಮೇಲೆ ಮೊಳೆಯಿಂದ ಬಿಡಿಸಿ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಬಣ್ಣ ಬದಲಿಸಲು ಎರಡೂ ತುದಿಗೆ ಗಂಟು ಹಾಕಿ, ಉಳಿದ ಬಾಲಗಳನ್ನು ತೂತಿನ ಒಳಗೆ ತಳ್ಳಿ. ಹುರಿ ಒಳಗೆ ಟೊಳ್ಳು, ಅಲ್ಲಿ ಎಲ್ಲವೂ ಅಡಗುತ್ತದೆ. ಎಡಗೈ ಮಕ್ಕಳಿದ್ದರೆ ಎಲ್ಲವನ್ನೂ ಉಲ್ಟಾ ದಿಕ್ಕಿನಲ್ಲಿ ಮಾಡಲಿ, ಹುರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಮರದ ರೀಲು ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಪ್ಲಾಸ್ಟಿಕ್. ಒಂದು ಕಾಲದಲ್ಲಿ ಹೊಲಿಗೆ ದಾರ ಸುತ್ತುವುದಕ್ಕೆಂದೇ ಮರವನ್ನು ಕಡೆದು ರೀಲು ಮಾಡುವ ಗಿರಣಿಗಳಿದ್ದವು. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸ್ಟಾಟ್ ಪಾರ್ಕ್ ಅನ್ನುವ ಗಿರಣಿ 1835ರಲ್ಲಿ ಶುರುವಾಗಿ, ಸುತ್ತಲಿನ ಕಾಡಿನ ಮರದಿಂದ ಲ್ಯಾಂಕಶೈರ್‌ನ ಬಟ್ಟೆ ಮಿಲ್ಲುಗಳಿಗೆ ಬಾಬಿನ್, ಅಂದರೆ ನೂಲು ಸುತ್ತುವ ಮರದ ರೀಲು, ಒದಗಿಸುತ್ತಿತ್ತು. 1971ರಲ್ಲಿ ಕೆಲಸ ನಿಲ್ಲಿಸಿತು. ಈಗ ಅದು ವಸ್ತುಸಂಗ್ರಹಾಲಯ. ಮನೆಮನೆಯಲ್ಲೂ ದಾರ ಮುಗಿದ ಮರದ ರೀಲು ಉಳಿಯುತ್ತಿತ್ತು ಅನ್ನುವ ಕಾರಣಕ್ಕೇ ಈ ಆಟ ಇಷ್ಟು ಊರು ಸುತ್ತಿತು. ಕಾಸು ಖರ್ಚಿಲ್ಲ, ಮೊಳೆ ನಾಲ್ಕಿದ್ದರೆ ಆಯಿತು. ಜರ್ಮನಿಯ ಮಕ್ಕಳಿಗೆ ಇದು ಸ್ಟ್ರಿಕ್‌ಲೀಸಲ್, ಅಲ್ಲಿ ರೀಲಿಗೆ ಹುಡುಗಿಯ ಮುಖ ಬರೆದು ಬಣ್ಣ ಹಚ್ಚಿರುತ್ತಾರೆ. ಜಪಾನಿನಲ್ಲಿ ಲಿಲಿಯನ್ ಅನ್ನುವ ತೆಳು ಹೊಳಪಿನ ರೇಯಾನ್ ದಾರದಿಂದ ಹೆಣ್ಣುಮಕ್ಕಳು ಇದನ್ನು ಹೆಣೆಯುತ್ತಿದ್ದರು. ನಿಮಗೆ ಸಿದ್ಧ ಸಾಧನ ಬೇಕಿದ್ದರೆ ಅಂಗಡಿಯಲ್ಲಿ ಫ್ರೆಂಚ್ ನಿಟಿಂಗ್, ಸ್ಪೂಲ್ ನಿಟಿಂಗ್ ಅಥವಾ ನಿಟಿಂಗ್ ನ್ಯಾನ್ಸಿ ಅಂತ ಕೇಳಿ. ಪ್ಲಾಸ್ಟಿಕ್‌ನದೂ ಸಿಗುತ್ತದೆ, ಮರದ್ದೂ ಸಿಗುತ್ತದೆ. ನನ್ನನ್ನು ಕೇಳಿದರೆ ಮರದ್ದೇ ಇರಲಿ. ಕೈ ಬೆವರಿದಾಗ ಪ್ಲಾಸ್ಟಿಕ್ ಜಾರುತ್ತದೆ.

ಇದಕ್ಕಾಗಿ ವಿದೇಶದಿಂದ ತರಿಸುವವರನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುವ ಕೈಗಳಿಗೆ ನಡುವೆ ತೂತಿರುವ ಎರಡಿಂಚಿನ ರೀಲು ಒಂದು ಕೆಲಸವೇ ಅಲ್ಲ. ಆ ಕಡೆ ಹೋದಾಗ ಒಂದು ಚೀಟಿಯಲ್ಲಿ ಚಿತ್ರ ಬರೆದುಕೊಂಡು ಹೋಗಿ, ಅಳತೆ ಹೇಳಿ. ಮೊಳೆಯನ್ನು ಮನೆಗೆ ಬಂದು ನೀವೇ ಹೊಡೆದುಕೊಳ್ಳಬಹುದು. ಅಷ್ಟು ದೂರ ಬೇಡ ಅಂದರೆ ಟಿಶ್ಯೂ ರೋಲಿನ ರಟ್ಟಿನ ಕೊಳವೆ ಇದೆಯಲ್ಲ, ಅದರ ಸುತ್ತ ಐಸ್‌ಕ್ರೀಂ ಕಡ್ಡಿಗಳನ್ನು ನಿಲ್ಲಿಸಿ ಟೇಪು ಸುತ್ತಿ. ಆದರೆ ಇಲ್ಲಿ ನಾಲ್ಕು ಕಡ್ಡಿ ಸಾಲದು. ಕೊಳವೆ ಅಗಲ ಇರುವುದರಿಂದ ನಡುವೆ ದೊಡ್ಡ ಕಿಂಡಿ ಬೀಳುತ್ತದೆ. ಆರು ಅಥವಾ ಎಂಟು ಕಡ್ಡಿ ಹಾಕಿ, ದಪ್ಪ ಉಲ್ಲನ್ ಕೊಡಿ, ಇಲ್ಲವೇ ಎರಡು ಎಳೆ ಸೇರಿಸಿ ಹೆಣೆಯಿರಿ. ಏನೂ ಸಿಗಲಿಲ್ಲವೇ? ಎಡಗೈಯ ನಾಲ್ಕು ಬೆರಳಿವೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ವಾಲ್ಡಾರ್ಫ್ ಪದ್ಧತಿಯ ಶಾಲೆಗಳಲ್ಲಿ ಒಂದನೇ ತರಗತಿಗೇ ಕಡ್ಡಿಯ ಹೆಣಿಗೆ ಹೇಳಿಕೊಡುತ್ತಾರೆ. ಅದಕ್ಕೂ ಚಿಕ್ಕ ಮಕ್ಕಳು ಬರೀ ಬೆರಳಿನಲ್ಲೇ ಕುಣಿಕೆ ಎತ್ತಲು ಕಲಿಯುತ್ತಾರೆ.

ಇನ್ನು ಹುರಿಯಿಂದ ಏನು ಮಾಡುವುದು. ಈ ಪ್ರಶ್ನೆ ಯಾವಾಗಲೂ ದೊಡ್ಡವರಿಂದಲೇ ಬರುತ್ತದೆ. ನಮ್ಮ ಹಿರಿಯರ ಶಾಲೆಗಳಲ್ಲಿ ಕೈಯಲ್ಲಿ ತಿರುಗಿಸಿ ನೂಲು ತೆಗೆಯುವ ತಕಲಿ ಇತ್ತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಕೈಕೆಲಸವೇ ಪಾಠದ ನಡುಗಂಬ, ಮಗು ನೂತ ನೂಲಿಗೆ ಬೆಲೆ ಇರಬೇಕು ಅನ್ನುವ ಆಸೆ. ಅದು ದೊಡ್ಡ ಆಸೆ, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಎಂಟು ವರ್ಷದ ಮಗು ರಜೆಯಲ್ಲಿ ಹೆಣೆಯುವ ಹುರಿಗೆ ಮೊದಲ ದಿನವೇ ಉಪಯೋಗ ಕೇಳಬೇಡಿ. ಕೆಲವು ದಿನ ಅದು ಸುಮ್ನೆ ಉದ್ದ ಆಗಲಿ. ಬಾಗಿಲಿನಿಂದ ಅಡುಗೆಮನೆವರೆಗೆ ಬಂತು, ಈಗ ಹಿತ್ತಿಲಿನವರೆಗೆ ಬಂತು ಅನ್ನುವುದೇ ಅವಳಿಗೆ ಸಾಕಷ್ಟು ದೊಡ್ಡ ಸಾಧನೆ. ‘ಏನು ಮಾಡ್ತೀಯ ಇದನ್ನ?’ ಅಂತ ಕೇಳಿದ ಕೂಡಲೇ ಹೆಣಿಗೆ ನಿಂತುಬಿಟ್ಟದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವಳಾಗೇ ‘ಅಮ್ಮಾ, ಇದರಲ್ಲಿ ಏನು ಮಾಡಬಹುದು’ ಅಂತ ಕೇಳುವ ದಿನ ಬರುತ್ತದೆ. ಆಗ ಹೇಳಲು ನಿಮ್ಮ ಹತ್ತಿರ ವಿಷಯ ಇರಲಿ ಅಂತ ಮುಂದಿನದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಮಾಡುವುದು ಲೋಟದ ಕೆಳಗಿಡುವ ಚಿಕ್ಕ ಚಾಪೆ. ಹುರಿಯನ್ನು ಚಕ್ಕುಲಿಯ ಹಾಗೆ ಸುತ್ತಿ ಹೊಲಿಯುವುದು. ಇದರಲ್ಲಿ ಒಂದು ಲೆಕ್ಕ ಇದೆ, ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಹುರಿ 8 ಮಿಲಿಮೀಟರ್ ದಪ್ಪ ಇದೆ ಅಂದುಕೊಳ್ಳಿ. 10 ಸೆಂಟಿಮೀಟರ್ ಅಗಲದ ಚಾಪೆಗೆ ಸುಮಾರು 1 ಮೀಟರ್ ಹುರಿ ಬೇಕು. 20 ಸೆಂಟಿಮೀಟರ್ ಅಗಲ ಬೇಕೆಂದರೆ 2 ಮೀಟರ್ ಸಾಲದು, 4 ಮೀಟರ್ ಬೇಕು. ಅಗಲ ಎರಡು ಪಟ್ಟಾದರೆ ಹುರಿ ನಾಲ್ಕು ಪಟ್ಟು. 40 ಸೆಂಟಿಮೀಟರ್‌ಗೆ 16 ಮೀಟರ್ ಹತ್ತಿರ ಹೋಗುತ್ತದೆ. ಕುರ್ಚಿಯ ಮೇಲೆ ಹಾಸಲು ಮಾಡುತ್ತೇನೆ ಅಂತ ಹೊರಟ ಮಕ್ಕಳು ಕೊನೆಗೆ ಗೊಂಬೆಯ ಮನೆಗೆ ಹಾಸಿ ತೃಪ್ತಿ ಪಡುವುದು ಇದಕ್ಕೇ. ಹಾಗೇ ಒಂದು ಮೀಟರ್ ಹುರಿಗೆ ಎಷ್ಟು ಉಲ್ಲನ್ ಹೋಗುತ್ತದೆ ಅನ್ನುವುದನ್ನೂ ಅವಳೇ ಕಂಡುಹಿಡಿಯಲಿ. ಒಂದು ಗೇಣು ಹೆಣೆದು, ಬಿಚ್ಚಿ, ಬಿಚ್ಚಿದ ದಾರವನ್ನು ಗೇಣಿನಿಂದಲೇ ಅಳೆಯಲಿ. ಬರುವ ಸಂಖ್ಯೆ ನೋಡಿ ನಿಮಗೂ ಆಶ್ಚರ್ಯ ಆಗುತ್ತದೆ.

ಚಾಪೆ ಹೊಲಿಯುವಾಗ ಅದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟೇ ಹೊಲಿಯಬೇಕು. ಕೈಯಲ್ಲಿ ಹಿಡಿದು ಹೊಲಿದರೆ ಹುರಿ ಗೊತ್ತಿಲ್ಲದೇ ಎಳೆದುಕೊಳ್ಳುತ್ತದೆ, ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಹುರಿಯನ್ನು ಜಾಸ್ತಿ ಸಡಿಲ ಬಿಟ್ಟರೆ ಅಂಚು ಲಂಗದ ನೆರಿಗೆಯಂತೆ ಅಲೆಯುತ್ತದೆ. ಬಟ್ಟಲೇ ಬೇಕೆಂದರೆ ತಳ ಆದಮೇಲೆ ಬೇಕಂತಲೇ ಬಿಗಿ ಎಳೆದು ಹೊಲಿಯಿರಿ. ಕ್ಲಿಪ್ಪು, ಬಳೆ ಹಾಕಿಡುವ ಪುಟ್ಟ ಬುಟ್ಟಿ ಸಿದ್ಧ. ಹೊಲಿಗೆಗೆ ಅದೇ ಉಲ್ಲನ್ ಬಳಸಿ, ಪಕ್ಕದ ಎರಡು ಸುತ್ತುಗಳ ಒಂದೊಂದು ಕುಣಿಕೆ ಸೇರಿಸಿ ಹೊಲಿದರೆ ಟಾಕು ಕಾಣಿಸುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿ ಹುರಿಯಿಂದ ಹೆಸರು ಬರೆಯುವುದು. ಫ್ರಾನ್ಸಿನಲ್ಲಿ ಮಕ್ಕಳ ಕೋಣೆಯ ಗೋಡೆಗೆ ಹೀಗೆ ಹೆಸರು ಮಾಡಿ ತೂಗುಹಾಕುತ್ತಾರೆ. ಟೊಳ್ಳು ಹುರಿಯೊಳಗೆ ತಂತಿ ತೂರಿಸಿ ಅಕ್ಷರದ ಹಾಗೆ ಬಗ್ಗಿಸುವುದು, ಅಷ್ಟೇ. ಇಂಗ್ಲಿಷ್ ಅಕ್ಷರಗಳಲ್ಲಿ ಮೂಲೆ, ಚೂಪು ಜಾಸ್ತಿ. ನಮ್ಮ ಅಕ್ಷರಗಳೋ, ದುಂಡಗೆ ಸುತ್ತಿಕೊಂಡೇ ಹುಟ್ಟಿವೆ. ‘ಅ’, ‘ಉ’, ‘ಲ’ ಬರೆಯುವಾಗ ಪೆನ್ಸಿಲ್ ಹೇಗೆ ತಿರುಗುತ್ತದೋ ತಂತಿಯೂ ಹಾಗೇ ತಿರುಗುತ್ತದೆ. ಮೊದಲು ಕಾಗದದ ಮೇಲೆ ಹೆಸರನ್ನು ದೊಡ್ಡದಾಗಿ ಬರೆದು, ಆ ಗೆರೆಯ ಮೇಲೆ ಬರೀ ದಾರ ಜೋಡಿಸಿ ಉದ್ದ ಅಳೆಯಿರಿ. ಅಷ್ಟು ಹುರಿ ಹೆಣೆಯಬೇಕು. ಒತ್ತಕ್ಷರ ಇದ್ದರೆ ಅದಕ್ಕೆ ಬೇರೆ ತುಂಡು ಮಾಡಿ ಕೆಳಗೆ ಹೊಲಿಯಬೇಕಾಗುತ್ತದೆ. ‘ರಮ್ಯ’ ಅನ್ನುವುದಕ್ಕಿಂತ ‘ಉಮಾ’ ಸುಲಭ. ಮನೆಯಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಆದರೆ ಒತ್ತು ಇಲ್ಲದವರದ್ದು ಮೊದಲು ಅಂತ ತೀರ್ಮಾನ ಮಾಡಿ.

ತಂತಿಗೆ ಅಲ್ಯೂಮಿನಿಯಂ ಒಳ್ಳೆಯದು, ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ್ದು. ಮನೆ ಕಟ್ಟುವಾಗ ಕಬ್ಬಿಣ ಬಿಗಿಯುವ ಬೈಂಡಿಂಗ್ ವೈರ್ ಬೇಡ, ಅದು ತುಕ್ಕು ಹಿಡಿದು ಉಲ್ಲನ್ನಿಗೆ ಕಲೆ ಮಾಡುತ್ತದೆ. ತೂರಿಸುವ ಮೊದಲು ತಂತಿಯ ತುದಿಯನ್ನು ಇಕ್ಕಳದಿಂದ ಪುಟ್ಟ ಉಂಗುರದಂತೆ ಮಡಚಿ ಟೇಪು ಸುತ್ತಿ. ಆಗ ಹೆಣಿಗೆಯ ಎಳೆಗೆ ಸಿಗದೆ ಜಾರುತ್ತಾ ಹೋಗುತ್ತದೆ, ಮುಗಿದ ಮೇಲೂ ಯಾರಿಗೂ ಚುಚ್ಚುವುದಿಲ್ಲ. ಈ ಕೆಲಸ ನೀವು ಮಾಡಿಕೊಡಿ. ಬಗ್ಗಿಸುವುದು ಅವಳು ಮಾಡಲಿ.

ಇನ್ನು ಜಡೆಗೆ ಕಟ್ಟುವ ಟೇಪು, ಬೀಗದ ಕೈಗೆ ದಾರ, ಪುಟ್ಟ ಚೀಲಕ್ಕೆ ಲಾಡಿ, ಬಾಗಿಲಿಗೆ ಉಲ್ಲನ್ ತೋರಣ, ಇವೆಲ್ಲ ನಿಮಗೇ ಹೊಳೆಯುತ್ತವೆ. ಒಂದು ಮಾತು ಮಾತ್ರ ನೆನಪಿಡಿ. ಹೆಣೆದ ಹುರಿ ಹಿಗ್ಗುತ್ತದೆ. ಹೆಗಲ ಚೀಲಕ್ಕೆ ಹಾಕಿದರೆ ಒಂದು ವಾರದಲ್ಲಿ ಚೀಲ ಮೊಣಕಾಲಿಗೆ ಬರುತ್ತದೆ. ಭಾರ ಹೊರಬೇಕಾದ ಹುರಿಗೆ ಶುರುವಿನಲ್ಲೇ ಒಂದು ಗಟ್ಟಿ ಹತ್ತಿ ಹುರಿಯನ್ನು ತೂತಿನಲ್ಲಿ ಇಳಿಬಿಟ್ಟು, ಅದರ ಸುತ್ತ ಹೆಣೆಯುತ್ತಾ ಹೋಗಿ. ಹೊರಗೆ ಉಲ್ಲನ್, ಒಳಗೆ ಹತ್ತಿಯ ಬಲ. ನಿಮ್ಮ ಮನೆಯಲ್ಲಿದ್ದ ಹತ್ತಿ ದಾರಕ್ಕೆ ಸರಿಯಾದ ಜಾಗ ಅದು. ಮನೆಯಲ್ಲಿ ತೀರ ಚಿಕ್ಕ ಮಕ್ಕಳಿದ್ದರೆ ಉದ್ದ ಹುರಿಯನ್ನು ಅವರ ಕೈಗೆ ಸಿಗುವ ಹಾಗೆ ಬಿಡಬೇಡಿ. ಕೊರಳಿಗೆ ಸುತ್ತಿಕೊಂಡರೆ ಅಪಾಯ.

ಇದು ನಿಜವಾದ ಹೆಣಿಗೆಯಾ, ಬರೀ ಆಟವಾ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಒಂದು ಹಳೆಯ ಬನಿಯನ್ ತಂದು ತೋರಿಸಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಹೊರಮೈಯಲ್ಲಿ ಸಾಲುಸಾಲಾಗಿ ಚಿಕ್ಕ ‘ವಿ’ ಆಕಾರದ ಕುಣಿಕೆಗಳು ಕಾಣುತ್ತವೆ. ಮಗಳ ಹುರಿಯ ಮೇಲೂ ಅದೇ ‘ವಿ’ ಸಾಲು ಇರುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಅದು ಚಪ್ಪಟೆ ಬಟ್ಟೆ ಹೆಣೆಯುತ್ತಿತ್ತು. 1816ರಲ್ಲಿ ಮಾರ್ಕ್ ಇಸಂಬಾರ್ಡ್ ಬ್ರೂನೆಲ್ ಎಂಬ ಎಂಜಿನಿಯರ್ ದುಂಡಗೆ, ಕೊಳವೆಯಾಗಿ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ತಿರುಪ್ಪೂರಿನಲ್ಲಿ ಇವತ್ತು ಬನಿಯನ್ ಬಟ್ಟೆ ಇಳಿಯುವುದೂ ವೃತ್ತಾಕಾರದ ಯಂತ್ರದಿಂದ, ಕೊಳವೆಯಾಗಿಯೇ. ಅಲ್ಲಿ ಸುತ್ತಲೂ ನೂರಾರು ಸೂಜಿ, ನಿಮ್ಮ ಮಗಳ ಹತ್ತಿರ ನಾಲ್ಕು ಮೊಳೆ. ಹಳೆಯ ಕುಣಿಕೆಯೊಳಗಿಂದ ಹೊಸ ಕುಣಿಕೆ ಬರುವ ವಿಧಾನ ಎರಡೂ ಕಡೆ ಒಂದೇ.

ಅವಳು ನಾಲ್ಕು ಮೊಳೆಯಲ್ಲಿ ಪಳಗಿದ ಮೇಲೆ ಇನ್ನೂ ದಪ್ಪದ್ದು ಬೇಕು ಅಂತ ಕೇಳಿದರೆ, ಅಗಲ ತೂತಿನ ಬೇರೆ ಮರದ ತುಂಡಿಗೆ ಆರು ಅಥವಾ ಎಂಟು ಮೊಳೆ ಹೊಡೆದುಕೊಡಿ. ಎಂಟರಲ್ಲಿ ಗೊಂಬೆಯ ಕಾಲುಚೀಲ ಆಗುತ್ತದೆ. ಸ್ವೆಟರ್ ಹೆಣೆಯುವ ಕಡ್ಡಿ ಕೊಡುವ ಅವಸರ ಬೇಡ, ಅವಳೇ ಕೇಳಲಿ. ಕೇಳಿದ ದಿನ ಎರಡೂ ಕಡೆ ತುದಿ ಇರುವ ಎರಡು ಕಡ್ಡಿ ತೆಗೆದುಕೊಂಡು, ನಾಲ್ಕೇ ಕುಣಿಕೆ ಹಾಕಿಕೊಡಿ. ಸಾಲು ಮುಗಿದಾಗ ತಿರುಗಿಸದೆ, ಕುಣಿಕೆಗಳನ್ನು ಕಡ್ಡಿಯ ಆಚೆ ತುದಿಗೆ ಜಾರಿಸಿ, ದಾರವನ್ನು ಹಿಂದಿನಿಂದ ತಂದು ಮತ್ತೆ ಅದೇ ಕಡೆಯಿಂದ ಹೆಣೆಯಬೇಕು. ಅವಳಿಗೆ ಆಗಲೇ ಗೊತ್ತಿರುವ ಅದೇ ಹುರಿ ಕಡ್ಡಿಯ ಮೇಲೂ ಇಳಿಯುತ್ತದೆ.